ಹತ್ತು ವರ್ಷ ಸಾಕಬಹುದಾದ ಐಷಾರಾಮಿ ಎಸ್‌ಯುವಿ ಯಾವುದು? ರಿಪೇರಿ ಖರ್ಚು ಅನುಭವಿಸಿದವರು ಹೇಳಿ

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಇನೋವಾ ಮೂರು ಲಕ್ಷ ಕಿ.ಮೀ. ದಾಟಿದೆ. ಅದನ್ನು ಕೊಟ್ಟು ಒಂದು ಒಳ್ಳೇ ಎಸ್‌ಯುವಿ ತಗೊಳ್ಳಬೇಕು ಅಂತ ಎರಡು ತಿಂಗಳಿಂದ ಮನೆಯಲ್ಲಿ ಇದೇ ಮಾತು. ಬಜೆಟ್ 35 ಲಕ್ಷ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ತಗೊಂಡ ಮೇಲೆ ಹತ್ತು ವರ್ಷ ಅದೇ ಕಾರು. ಮೂರು ವರ್ಷಕ್ಕೊಮ್ಮೆ ಬದಲಾಯಿಸುವ ಜನ ನಾವಲ್ಲ.

ತೋಟ ತೀರ್ಥಹಳ್ಳಿ ಕಡೆ ಇದೆ. ಕೊನೇ ಮೂರು ಕಿ.ಮೀ. ಮಣ್ಣಿನ ದಾರಿ. ಇನ್ನೊಂದು ಕಡೆ, ಅತ್ತೆಯವರಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಚೆಕಪ್‌ಗೆ ಕರೆದುಕೊಂಡು ಹೋಗಬೇಕು. ಮೊನ್ನೆ ಟೊಯೊಟಾ ಫಾರ್ಚುನರ್ ನೋಡಲು ಹೋಗಿದ್ದೆವು. ಅತ್ತೆ ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ ಹಿಡಿದು ಮೂರನೇ ಸಲಕ್ಕೆ ಹತ್ತಿದರು. ಇಳಿಯುವಾಗ ಅವರ ಮುಖ ನೋಡಿ ನನಗೇ ಬೇಜಾರಾಯಿತು. ಆದರೂ ಯಜಮಾನರು ಅದೇ ಸರಿ ಅನ್ನುತ್ತಾರೆ. ಮೈದುನ ಜರ್ಮನ್ ಕಾರು ಅನ್ನುತ್ತಾನೆ.

ಕಾರಿನ ಬೆಲೆ ನನಗೆ ಗೊತ್ತು. ಏಳನೇ ವರ್ಷದ, ಒಂಬತ್ತನೇ ವರ್ಷದ ಬಿಲ್ ಎಷ್ಟು ಬರುತ್ತದೆ ಅನ್ನುವುದು ಗೊತ್ತಿಲ್ಲ. ಅದನ್ನು ದಯವಿಟ್ಟು ಹೇಳಿ.

ಮಂಡ್ಯ ಡೀಸೆಲ್

ಅಕ್ಕ, ನಿಮ್ಮ ಯಜಮಾನರ ಪರವಾಗಿ ಮೊದಲ ಮಾತು ನನ್ನದು. 2017ರ ಫಾರ್ಚುನರ್, 2.8 ಆಟೊಮ್ಯಾಟಿಕ್. 2.4 ಲಕ್ಷ ಕಿ.ಮೀ. ಆಗಿದೆ. ಎಂಜಿನ್ ಬಿಚ್ಚಿಲ್ಲ, ಗೇರ್‌ಬಾಕ್ಸ್ ಬಿಚ್ಚಿಲ್ಲ. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್ ಬಿಟ್ಟರೆ ಒಂದು ಸಲ ನಾಲ್ಕೂ ಶಾಕ್ ಅಬ್ಸಾರ್ಬರ್, ಮುಂದಿನ ಲೋವರ್ ಆರ್ಮ್ ಬುಷ್ ಬದಲಿಸಿದ್ದೇನೆ. ಅಷ್ಟೇ.

ಕಾರಣ ಸುಲಭ. ಇದು ಬಿಡದಿಯಲ್ಲೇ ತಯಾರಾಗುವ ಗಾಡಿ. ಇನೋವಾ ಕ್ರಿಸ್ಟಾ ಜೊತೆ ಚಾಸಿ, ಡೀಸೆಲ್ ಎಂಜಿನ್ ಕುಟುಂಬ ಎರಡೂ ಒಂದೇ ಮೂಲದವು. ಇನೋವಾ ಟ್ಯಾಕ್ಸಿ ಇರುವ ಊರಲ್ಲೆಲ್ಲ ಇದನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಇರುತ್ತಾನೆ. 2.8ಕ್ಕೆ ಟೈಮಿಂಗ್ ಚೈನ್, ಅಂದರೆ ಎಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಸರಪಳಿ. 2009ರಿಂದ 2016ರವರೆಗೆ ಬಂದ 3 ಲೀಟರ್ ಎಂಜಿನ್‌ಗೆ ಆ ಜಾಗದಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಬೆಲ್ಟ್. ಹಳೇದು ತಗೊಂಡರೆ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಿಸಿಲ್ಲ ಅಂತಲೇ ತಿಳಿದುಕೊಳ್ಳಿ.

ಒಂದು ಮಾತು ಮುಚ್ಚಿಡುವುದಿಲ್ಲ. ಹಿಂದಿನ ಸೀಟಿನಲ್ಲಿ ಕುಲುಕುತ್ತದೆ. ನಮ್ಮಮ್ಮ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಾರೆ.

ಕರಾವಳಿ ಕಾರು (ಉಡುಪಿ)

ನಾನು ಆ ಕಡೆಯ ಕಥೆ ಹೇಳುತ್ತೇನೆ. ಕಂಪನಿ ಹೆಸರು ಬೇಡ. ಯುರೋಪಿನ ದೊಡ್ಡ ಎಸ್‌ಯುವಿ, ಆರು ವರ್ಷ ಹಳೇದು, ಹೊಸ ಬೆಲೆಯ ಮೂರನೇ ಒಂದು ಭಾಗಕ್ಕೆ ಸಿಕ್ಕಿತು. ಮೊದಲ ವರ್ಷ ರಾಜಮರ್ಯಾದೆ. ಅಂಥ ಸೀಟು, ಅಂಥ ಮೌನ ನಾನು ಬೇರೆ ಕಾರಿನಲ್ಲಿ ನೋಡಿಲ್ಲ.

ಎರಡನೇ ಮಳೆಗಾಲದ ಒಂದು ಬೆಳಿಗ್ಗೆ ಬಾಗಿಲು ತೆಗೆದು ನೋಡುತ್ತೇನೆ, ಕಾರಿನ ಹಿಂದಿನ ಎಡಗಡೆ ಕೂತುಬಿಟ್ಟಿದೆ. ದನ ಒಂದು ಕಾಲು ಮಡಚಿ ಮಲಗಿದ ಹಾಗೆ. ಸ್ಟಾರ್ಟ್ ಮಾಡಿದೆ, ನಿಧಾನಕ್ಕೆ ಎದ್ದಿತು. ಸರಿ ಹೋಯಿತಲ್ಲ ಅಂತ ಎರಡು ತಿಂಗಳು ಹಾಗೇ ಓಡಿಸಿದೆ. ಅದು ನನ್ನ ತಪ್ಪು. ಏರ್ ಸಸ್ಪೆನ್ಷನ್‌ನ ರಬ್ಬರ್ ಚೀಲ ಸೀಳಿತ್ತು. ಸೋರಿದ ಗಾಳಿ ತುಂಬಲು ಕಂಪ್ರೆಸರ್ ದಿನವಿಡೀ ಓಡಿ ಅದೂ ಸುಟ್ಟುಹೋಯಿತು. ಒಂದು ಚೀಲದ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮೂರೂವರೆ ಲಕ್ಷದ ಎಸ್ಟಿಮೇಟ್ ಬಂತು. ಅದರ ಮೇಲೆ ಮಂಗಳೂರಿನಿಂದ ಬೆಂಗಳೂರಿಗೆ ಫ್ಲ್ಯಾಟ್‌ಬೆಡ್ ಬಾಡಿಗೆ.

ಅಕ್ಕ, ಮಲೆನಾಡಿನ ಮಳೆ, ಮಣ್ಣಿನ ದಾರಿ ಎರಡೂ ನಿಮಗಿದೆ. ಏರ್ ಸಸ್ಪೆನ್ಷನ್ ಇರುವ ಹಳೇ ಕಾರಿನ ಹತ್ತಿರ ಹೋಗಬೇಡಿ.

ಹುಬ್ಬಳ್ಳಿ ಮೇಸ್ತ್ರಿ

ಮೇಡಂ, 22 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಅದರಲ್ಲಿ ಹನ್ನೊಂದು ವರ್ಷ ದೊಡ್ಡ ಕಂಪನಿಗಳ ಕಾರುಗಳದ್ದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ದೊಡ್ಡ ಕಾರು ಎಂಜಿನ್ ಕೆಟ್ಟು ಗ್ಯಾರೇಜಿಗೆ ಬರುವುದು ಕಮ್ಮಿ. ಬರುವುದು ರಬ್ಬರು ಮತ್ತು ಪ್ಲಾಸ್ಟಿಕ್ಕಿನಿಂದ. ಬಾನೆಟ್ ಕೆಳಗಿನ ಬಿಸಿಗೆ ಆರೇಳು ವರ್ಷದಲ್ಲಿ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗುತ್ತದೆ. ಕೂಲಂಟ್ ಡಬ್ಬಿ, ಥರ್ಮೋಸ್ಟಾಟ್ ಕೂರುವ ಮನೆ, ಪೈಪಿನ ತುದಿ, ಎಲ್ಲ ಪ್ಲಾಸ್ಟಿಕ್. ಮುಟ್ಟಿದರೆ ಚೂರು ಕೈಗೆ ಬರುತ್ತದೆ. ಆಮೇಲೆ ಗ್ಯಾಸ್ಕೆಟ್. ವಾಲ್ವ್ ಕವರ್, ಆಯಿಲ್ ಫಿಲ್ಟರ್ ಕೂರುವ ಜಾಗ, ಇಲ್ಲಿಂದ ಆಯಿಲ್ ಜಿನುಗಲು ಶುರು. ಗ್ಯಾಸ್ಕೆಟ್ ಬೆಲೆ ಜಾಸ್ತಿ ಇಲ್ಲ. ಅಲ್ಲಿಗೆ ಕೈ ಹೋಗಲು ಮೇಲಿನದ್ದೆಲ್ಲ ಬಿಚ್ಚಬೇಕು. ಲೇಬರ್ ಅಲ್ಲಿ ಏರುತ್ತದೆ. ಇದು ಕಾರು ಕೆಟ್ಟದ್ದು ಅಂತ ಅರ್ಥವಲ್ಲ. ಆ ವಯಸ್ಸಿಗೆ ಬರುವ ಖರ್ಚು ಅದು. ಕೊಳ್ಳುವಾಗಲೇ ಅದನ್ನು ಬೇರೆ ತೆಗೆದಿಡಬೇಕು. 35 ಲಕ್ಷ ಇದ್ದರೆ 30ರ ಕಾರು ನೋಡಿ, ಐದು ಲಕ್ಷ ಬ್ಯಾಂಕಿನಲ್ಲಿರಲಿ.

ನಿಮ್ಮ ಮೈದುನ ಬಿಎಂಡಬ್ಲ್ಯು ಎಕ್ಸ್3 ಅಂದರೆ ವರ್ಷ ನೋಡಿ. 2014ರ ಆಸುಪಾಸಿನವರೆಗಿನ ಎನ್47 ಡೀಸೆಲ್ ಎಂಜಿನ್‌ನ ಟೈಮಿಂಗ್ ಚೈನ್ ಸವೆಯುವುದು ಜಗತ್ತಿಗೇ ಗೊತ್ತಿರುವ ವಿಷಯ. ಆ ಚೈನ್ ಇರುವುದು ಎಂಜಿನ್ ಹಿಂಬದಿಗೆ, ಗೇರ್‌ಬಾಕ್ಸ್ ಕಡೆ. ಅದನ್ನು ಮುಟ್ಟಬೇಕೆಂದರೆ ಎಂಜಿನ್ನೋ ಗೇರ್‌ಬಾಕ್ಸೋ ಕೆಳಗಿಳಿಯಬೇಕು. ಅದರ ನಂತರದ ಬಿ47 ಎಷ್ಟೋ ವಾಸಿ. 2018ರಲ್ಲಿ ಇಲ್ಲಿಗೆ ಬಂದ ಎಕ್ಸ್3ರಲ್ಲಿ ಇರುವುದು ಅದೇ. ನಾನು ನೋಡಿದ ಮಟ್ಟಿಗೆ ತೊಂದರೆ ಕೊಡದ ಎಂಜಿನ್.

ಅದರ ಎಂಟು ಗೇರಿನ ಜ಼ಡ್‌ಎಫ್ ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು. ಆಯಿಲ್ ಜೀವನಪೂರ್ತಿ ಬರುತ್ತದೆ ಅಂತ ಹೇಳುವವರಿದ್ದಾರೆ. ಗೇರ್‌ಬಾಕ್ಸ್ ಮಾಡಿದ ಜ಼ಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತದೆ. ಫಿಲ್ಟರ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಗೇ ಸೇರಿಕೊಂಡಿದೆ, ತಟ್ಟೆ ಸಮೇತ ಬದಲಿಸಬೇಕು. ಹಾಗೆ ಮಾಡಿಸಿದವರ ಗೇರ್‌ಬಾಕ್ಸ್ ನನ್ನ ಹತ್ತಿರ ರಿಪೇರಿಗೆ ಬಂದಿಲ್ಲ.

ಇನ್ನು ಡೀಸೆಲ್. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಆ ಮಸಿ ತಾನಾಗೇ ಉರಿಯಬೇಕೆಂದರೆ ಹೈವೇಯಲ್ಲಿ ಒಂದೇ ವೇಗದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಬೇಕು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ತರಕಾರಿ ತಂದು ನಿಲ್ಲಿಸುವ ಕಾರಿಗೆ ಆ ಭಾಗ್ಯ ಇಲ್ಲ. ನಿಮ್ಮದು ಹೈವೇ ಓಡಾಟ ಇದೆ, ಹಾಗಾಗಿ ಭಯ ಬೇಡ. ಡಿಪಿಎಫ್ ಲೈಟ್ ಬಂದ ದಿನವೇ ಹೈವೇಯಲ್ಲಿ ಓಡಿಸಿ, ವಾರ ಬಿಡಬೇಡಿ.

ಇಷ್ಟೆಲ್ಲ ಹೇಳಿ ನಾನು ಕೇಳುವುದು ಒಂದೇ. ಶಿವಮೊಗ್ಗದಲ್ಲಿ ಆ ಕಾರನ್ನು ಬಿಚ್ಚುವವರು ಯಾರು? ಅದರ ಸ್ಕ್ಯಾನರ್ ಯಾರ ಹತ್ತಿರ ಇದೆ? ಬ್ಯಾಟರಿ ಬದಲಿಸಿದರೂ ಸ್ಕ್ಯಾನರ್ ಹಾಕಿ ಹೊಸ ಬ್ಯಾಟರಿ ಬಂತು ಅಂತ ಕಾರಿಗೆ ತಿಳಿಸಬೇಕಾದ ಕಾರುಗಳಿವೆ. ಇದಕ್ಕೆ ಉತ್ತರ ಸಿಕ್ಕ ಮೇಲೆ ಬ್ರ್ಯಾಂಡ್ ಆರಿಸಿ.

ಜರ್ಸಿ ಕನ್ನಡಿಗ (ನ್ಯೂಜೆರ್ಸಿ)

ಮೇಸ್ತ್ರಿಗಳು ಹೇಳಿದ್ದು ಇಲ್ಲಿಗೂ ಅಷ್ಟೇ ನಿಜ. ನಮ್ಮ ಕನ್ನಡ ಕೂಟದಲ್ಲಿ ಕಾರಿನ ಮಾತು ಬಂದರೆ ಕೊನೆಗೆ ಟೊಯೊಟಾದವರ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್‌ನ ಜಿಎಕ್ಸ್ 460ಕ್ಕೇ ಬಂದು ನಿಲ್ಲುತ್ತದೆ. ಇಂಡಿಯಾದಲ್ಲಿ ಅದನ್ನು ಮಾರಲಿಲ್ಲ, ಆದರೂ ಅದು ಯಾಕೆ ಬಾಳಿಕೆ ಬರುತ್ತದೆ ಅನ್ನುವುದು ನಿಮ್ಮ ಆಯ್ಕೆಗೆ ಸಹಾಯ ಆಗಬಹುದು.

ಹೊರಗೆ ಲೆಕ್ಸಸ್, ಒಳಗೆ ಟೊಯೊಟಾ ಲ್ಯಾಂಡ್ ಕ್ರೂಸರ್ ಪ್ರಾಡೊ. 4.6 ಲೀಟರ್ ವಿ8, ಟರ್ಬೊ ಇಲ್ಲ, ಟೈಮಿಂಗ್ ಚೈನ್, ಆರು ಗೇರ್. 2010ರಿಂದ 2023ರ ಮಾಡೆಲ್‌ವರೆಗೆ ಅದೇ ಎಂಜಿನ್ ಇಟ್ಟುಕೊಂಡು ಬಂದರು. ಹದಿನಾಲ್ಕು ವರ್ಷ ಒಂದೇ ಎಂಜಿನ್ ಅಂದರೆ ಅದರ ದೌರ್ಬಲ್ಯ ಎಲ್ಲರಿಗೂ ಗೊತ್ತು. ವಿ ಆಕಾರದ ನಡುವಿನ ತಟ್ಟೆಯಿಂದ ಕೂಲಂಟ್ ಸೋರುತ್ತದೆಯಾ, ಗುಲಾಬಿ ಬಣ್ಣದ ಉಪ್ಪು ಕಟ್ಟಿದೆಯಾ ಅಂತ ಟಾರ್ಚ್ ಬಿಟ್ಟು ನೋಡಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಮ್ಮಂಥ ಕಡೆ ಚಾಸಿ ತುಕ್ಕು ನೋಡಬೇಕು. ಬಂದ ವರ್ಷ ಸಮಸ್ಯೆ ಇರಲಿಲ್ಲ ಅಂತಲ್ಲ. 2010ರಲ್ಲಿ ತಿರುವಿನಲ್ಲಿ ಹಿಂಭಾಗ ಜಾರುತ್ತದೆ ಅಂತ ಇಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಕೊಳ್ಳಬೇಡಿ ಅಂದಿತ್ತು. ಮಾರಾಟ ನಿಲ್ಲಿಸಿ ಸಾಫ್ಟ್‌ವೇರ್ ಸರಿ ಮಾಡಿದರು. ಅದಕ್ಕೇ ನಾನು ಮೊದಲ ವರ್ಷದ ಕಾರು ಬಿಟ್ಟು 2017ರದ್ದು ಹುಡುಕಿದೆ. ಆಯಿಲ್, ಬ್ರೇಕ್, ಟೈರು, ಒಂದು ರೇಡಿಯೇಟರ್. ಇಷ್ಟರಲ್ಲಿ ನನ್ನ ಆರು ವರ್ಷ ಕಳೆದಿದೆ. ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಲೀಟರಿಗೆ ಏಳು ಕಿ.ಮೀ. ಬಂದರೆ ದೊಡ್ಡದು.

ಹೊಸ ಜಿಎಕ್ಸ್‌ಗೆ ವಿ8 ಇಲ್ಲ, ಎರಡು ಟರ್ಬೊ ಇರುವ ವಿ6 ಬಂದಿದೆ. ಅದೇ ಕುಟುಂಬದ ಎಂಜಿನ್ ಇರುವ ಟೊಯೊಟಾ ಟುಂಡ್ರಾ ಪಿಕಪ್ ಮತ್ತು ಲೆಕ್ಸಸ್ ಎಲ್ಎಕ್ಸ್‌ಗಳಲ್ಲಿ ತಯಾರಿಕೆಯ ಲೋಹದ ಚೂರು ಉಳಿದಿರಬಹುದು ಅಂತ 2024ರಲ್ಲಿ ಸುಮಾರು ಒಂದು ಲಕ್ಷ ವಾಹನ ವಾಪಸ್ ಕರೆದರು. ಒಳ್ಳೇ ಹೆಸರಿನ ಕಂಪನಿಯೇ ಆದರೂ ಹೊಸ ಎಂಜಿನ್ ಮೂರು ನಾಲ್ಕು ವರ್ಷ ರಸ್ತೆಯಲ್ಲಿ ಓಡಲಿ, ಆಮೇಲೆ ನಮ್ಮ ದುಡ್ಡು ಹಾಕೋಣ ಅನ್ನುವವನು ನಾನು.

ತುಂಗಾತೀರ (ಶಿವಮೊಗ್ಗ)

ಮೇಸ್ತ್ರಿಗಳೇ, ಇಷ್ಟು ಬಿಡಿಸಿ ಇದುವರೆಗೆ ಯಾರೂ ಹೇಳಿರಲಿಲ್ಲ. ಬಿಎಂಡಬ್ಲ್ಯು ನೋಡುವವರು ನಮ್ಮೂರಲ್ಲಿ ಯಾರಿದ್ದಾರೆ ಅಂತ ಇವತ್ತು ನಾಲ್ಕು ಕಡೆ ಕೇಳಿದೆ. ಆಯಿಲ್ ಬದಲಿಸುತ್ತೇವೆ, ಬೇರೆ ಕೆಲಸ ಬೆಂಗಳೂರಿಗೇ ಅಂದರು. ಟೊಯೊಟಾ ಶೋರೂಮ್ ಇಲ್ಲೇ ಇದೆ. ಹಾಗಾದರೆ ಫಾರ್ಚುನರ್ ಬಿಟ್ಟು ದಾರಿಯೇ ಇಲ್ಲವಾ? ಅತ್ತೆಯವರ ಮಂಡಿಗೆ ಏನು ಮಾಡಲಿ?

ಮೈಸೂರು ಹೈಬ್ರಿಡ್

ದಾರಿ ಇದೆ. ಲೆಕ್ಸಸ್ ಎನ್ಎಕ್ಸ್ 300ಎಚ್ ನೋಡಿದಿರಾ? ಹೈಬ್ರಿಡ್ ಅದು, ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟರೂ ಇದೆ. 2018ರ ಹೊತ್ತಿಗೆ ಇಲ್ಲಿ ಬಂದಿದ್ದು. ಸೆಕೆಂಡ್ ಹ್ಯಾಂಡ್ ಸಿಗುವುದು ಅಪರೂಪ, ಸಿಕ್ಕರೆ ನಿಮ್ಮ ಬಜೆಟ್ ಒಳಗೇ ಬರುತ್ತದೆ. ನನ್ನದು 2018ರದ್ದು, 96,000 ಕಿ.ಮೀ.

ಹೈಬ್ರಿಡ್ ಅಂದರೆ ಇನ್ನೂ ಜಾಸ್ತಿ ಸಾಮಾನು, ಇನ್ನೂ ಜಾಸ್ತಿ ರಿಪೇರಿ ಅಂತ ನಾನೂ ಹೆದರಿದ್ದೆ. ಬಾನೆಟ್ ತೆಗೆದು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. 2.5 ಲೀಟರ್ ಪೆಟ್ರೋಲ್ ಎಂಜಿನ್, ಬಿಡದಿಯಲ್ಲಿ ಜೋಡಿಸುತ್ತಿದ್ದ ಕ್ಯಾಮ್ರಿ ಹೈಬ್ರಿಡ್‌ನಲ್ಲಿ ಇದ್ದದ್ದೇ. ಟರ್ಬೊ ಇಲ್ಲ. ಸ್ಟಾರ್ಟರ್ ಮೋಟರ್ ಇಲ್ಲ. ಆಲ್ಟರ್ನೇಟರ್ ಇಲ್ಲ. ಇವೆರಡರ ಕೆಲಸ ಹೈಬ್ರಿಡ್ ಮೋಟರುಗಳೇ ಮಾಡುತ್ತವೆ. ಎಸಿ ಕಂಪ್ರೆಸರ್, ವಾಟರ್ ಪಂಪ್ ಎರಡೂ ಕರೆಂಟಿನಲ್ಲಿ ಓಡುತ್ತವೆ, ಹಾಗಾಗಿ ಮುಂದೆ ಫ್ಯಾನ್ ಬೆಲ್ಟೂ ಇಲ್ಲ. ಗೇರ್‌ಬಾಕ್ಸ್ ಅಂದರೆ ಒಂದಕ್ಕೊಂದು ಕಚ್ಚಿಕೊಂಡೇ ಇರುವ ಹಲ್ಲಿನ ಚಕ್ರಗಳು. ಕ್ಲಚ್ ಪ್ಲೇಟ್ ಸವೆಯುವ ಪ್ರಶ್ನೆ ಇಲ್ಲ. ವೇಗ ಇಳಿಸುವಾಗ ಮೋಟರೇ ಎಳೆದು ಹಿಡಿದು ಬ್ಯಾಟರಿ ತುಂಬುತ್ತದೆ. ನನ್ನ ಮೊದಲ ಬ್ರೇಕ್ ಪ್ಯಾಡ್ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ.

ಸಸ್ಪೆನ್ಷನ್ ಮಾಮೂಲಿ ಸ್ಪ್ರಿಂಗ್. ಸೀಟು ತುಂಬ ಎತ್ತರ ಇಲ್ಲ. ನಮ್ಮ ತಂದೆಗೆ 78 ವರ್ಷ, ಮೊದಲು ಕೂತು ಆಮೇಲೆ ಕಾಲು ಒಳಗೆ ಎಳೆದುಕೊಳ್ಳುತ್ತಾರೆ.

ತೊಂದರೆಯನ್ನೂ ಹೇಳಬೇಕಲ್ಲ. ಬಾಡಿ ಪಾರ್ಟ್ಸ್ ದುಬಾರಿ. ಒಂದು ಹೆಡ್‌ಲೈಟ್ ಒಡೆದರೆ ಸಣ್ಣ ಕಾರಿನ ಅಡ್ವಾನ್ಸ್ ಹಣ ಹೋಗುತ್ತದೆ, ಬರಲು ವಾರಗಳು ಬೇಕು. ಹಾಗಾಗಿ ಇನ್ಶೂರೆನ್ಸ್‌ನಲ್ಲಿ ಜಿಪುಣತನ ಬೇಡ. ಲೆಕ್ಸಸ್ ಸರ್ವಿಸ್‌ಗೆ ನೀವು ಬೆಂಗಳೂರಿಗೇ ಬರಬೇಕು. ಆದರೆ ಮೂರು ತಿಂಗಳಿಗೊಮ್ಮೆ ಚೆಕಪ್‌ಗೆ ಬರುತ್ತೀರಲ್ಲ, ಅದೇ ದಿನ ಕಾರೂ ಬಿಡಬಹುದು ಅಲ್ವಾ?

ಇನ್ನೊಂದು, 2024ರಿಂದ ಲೆಕ್ಸಸ್ ಹೊಸ ಕಾರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತಿದೆ. ಹಳೇ ಕಾರಿಗೆ ಅದು ಸಿಗದು. ಹೊಸದೇ ತಗೊಳ್ಳುವ ಶಕ್ತಿ ಇರುವವರು ಲೆಕ್ಕಕ್ಕೆ ತಗೊಳ್ಳಿ.

ವರ್ತೂರು ಕೆರೆ (ಬೆಂಗಳೂರು)

ವೋಲ್ವೊ ಬಗ್ಗೆ ಯಾರೂ ಹೇಳಲಿಲ್ಲ. ಹೊಸಕೋಟೆಯಲ್ಲಿ 2017ರಿಂದ ಜೋಡಿಸುತ್ತಾರೆ. ಎಕ್ಸ್‌ಸಿ60ರ ಸೀಟು ವಯಸ್ಸಾದವರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ 2017ರ ಕೊನೆಗೆ ಬಂದ ಡಿ5 ಡೀಸೆಲ್‌ಗೆ ಏರ್ ಸಸ್ಪೆನ್ಷನ್ ಇದೆ. ಟೈಮಿಂಗ್ ಬೆಲ್ಟ್ ಕೂಡ ಇದೆ. ಉಡುಪಿಯವರ ಕಥೆ ಓದಿದ ಮೇಲೆ ನಿಮಗೆ ಬೇಡ ಅನ್ನಿಸುತ್ತದೆ. ಬೆಂಗಳೂರಲ್ಲೇ ಇರುವ, ಕಾರಿಗೆ ವಾರಂಟಿ ಇರುವ ಜನಕ್ಕೆ ನಾನು ಈಗಲೂ ಅದನ್ನೇ ಹೇಳುತ್ತೇನೆ.

ಎರಡು ಎಚ್ಚರಿಕೆ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಸರ್ಜಾಪುರ ರಸ್ತೆ ಕಡೆ ದೊಡ್ಡ ದೊಡ್ಡ ಕಾರುಗಳು ಬೇಸ್‌ಮೆಂಟಿನಲ್ಲಿ ಮುಳುಗಿದವು. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ಬುಡದಲ್ಲಿ ಕೆಸರಿನ ಕಲೆ ಇದೆಯಾ ನೋಡಿ. ಕಾರ್ಪೆಟ್ ಎತ್ತಿ ಸೀಟಿನ ಬೋಲ್ಟ್ ತುಕ್ಕು ನೋಡಿ.

ಇನ್ನೊಂದು ದೆಹಲಿ ಕಾರು. ಅಲ್ಲಿ ಹತ್ತು ವರ್ಷ ಸಮೀಪಿಸಿದ ಡೀಸೆಲ್ ಕಾರು ಅಗ್ಗಕ್ಕೆ ಸಿಗುತ್ತದೆ. ಆದರೆ ಇಲ್ಲಿಗೆ ತಂದರೆ ಎನ್‌ಒಸಿ, ಮರುನೋಂದಣಿ, ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್. 20 ಲಕ್ಷದ ಮೇಲಿನ ಕಾರಿಗೆ ಅದು 18 ಪರ್ಸೆಂಟ್, ಸೆಸ್ ಬೇರೆ. ವಯಸ್ಸಿಗೆ ತಕ್ಕಂತೆ ಕಮ್ಮಿ ಮಾಡಿದರೂ ಉಳಿಸಿದ ಹಣ ಅಲ್ಲೇ ಕರಗುತ್ತದೆ.

ಹುಬ್ಬಳ್ಳಿ ಮೇಸ್ತ್ರಿ

ಮೈಸೂರಿನವರ ಸಲಹೆ ನನಗೆ ಸರಿ ಕಾಣುತ್ತದೆ. ಹೈಬ್ರಿಡ್‌ನಲ್ಲಿ ಎರಡು ಕಡೆ ಹುಷಾರು, ಮೇಡಂ.

ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಅದನ್ನು ತಂಪಾಗಿಡುವ ಫ್ಯಾನ್ ಕಾರಿನ ಒಳಗಿನ ಗಾಳಿಯನ್ನೇ ಎಳೆಯುತ್ತದೆ. ಆ ಕಿಂಡಿಗೆ ಚೀಲ, ಬೆಡ್‌ಶೀಟು ಅಡ್ಡ ಇಡಬಾರದು. ಧೂಳು, ಕೂದಲು ಕಟ್ಟಿದರೆ ಬ್ಯಾಟರಿ ಬಿಸಿಯಾಗಿ ಬೇಗ ಮುದಿಯಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಸ್ವಚ್ಛ ಮಾಡಿಸಿ. ಹತ್ತು ನಿಮಿಷದ ಕೆಲಸ, ಲಕ್ಷಗಳ ಬ್ಯಾಟರಿ ಉಳಿಯುತ್ತದೆ.

ಎರಡನೇದು ಎಸಿ. ಹೈಬ್ರಿಡ್‌ನ ಎಸಿ ಕಂಪ್ರೆಸರ್ ಹೈ ವೋಲ್ಟೇಜಿನದು. ಅದಕ್ಕೆ ಕರೆಂಟ್ ಹರಿಯದ ಬೇರೆ ಜಾತಿಯ ಆಯಿಲ್ ಬೇಕು. ರಸ್ತೆ ಬದಿಯಲ್ಲಿ ಗ್ಯಾಸ್ ತುಂಬಿಸುವವರು ಮಾಮೂಲಿ ಆಯಿಲ್ ಸೇರಿಸಿದರೆ ಕಂಪ್ರೆಸರೇ ಹೋಗುತ್ತದೆ. ಎಸಿ ಕೆಲಸ ಮಾತ್ರ ಹೈಬ್ರಿಡ್ ಗೊತ್ತಿರುವವರ ಕೈಗೇ ಕೊಡಿ.

ಯಾವ ಕಾರೇ ನೋಡಿ, ಬೆಳಿಗ್ಗೆ ಹೋಗಿ. ಎಂಜಿನ್ ಬಿಸಿ ಮಾಡಿಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿಸಿ.

ತುಂಗಾತೀರ (ಶಿವಮೊಗ್ಗ)

ಮೂರು ವಾರ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಬೆಂಗಳೂರಿನಲ್ಲಿ ಎರಡು ಕಾರು ನೋಡಿದೆವು. ಮೊದಲನೇದು ಮೈದುನ ಆರಿಸಿದ್ದು, ಏರ್ ಸಸ್ಪೆನ್ಷನ್ ಇದ್ದದ್ದು. ಕಂಪನಿ ಹೆಸರು ನಾನೂ ಹೇಳುವುದಿಲ್ಲ. ಬೆಳಿಗ್ಗೆ ಏಳಕ್ಕೇ ಹೋದೆವು. ಬಾನೆಟ್ ಮುಟ್ಟಿದೆ, ಬೆಚ್ಚಗಿತ್ತು. ಇವತ್ತು ಬೇಡ, ನಾಳೆ ಬರುತ್ತೇವೆ, ಇಲ್ಲೇ ನಿಂತಿರಲಿ ಅಂದೆ. ಮರುದಿನ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ನಾಲ್ಕೂ ಕಡೆ ಬೆರಳು ಇಟ್ಟು ಅಳೆದೆ. ಮೂರು ಕಡೆ ನಾಲ್ಕು ಬೆರಳು, ಹಿಂದಿನ ಬಲಗಡೆ ಎರಡೇ. ಮೈದುನ ತಾನೇ ಬೇಡ ಅಂದ.

ಎರಡನೇದು ಎನ್ಎಕ್ಸ್ 300ಎಚ್, 2019, 58,000 ಕಿ.ಮೀ. ಒಬ್ಬರೇ ಮಾಲೀಕರು, ನಿವೃತ್ತ ಡಾಕ್ಟರ್. ಪ್ರತಿ ಸರ್ವಿಸ್ ಬಿಲ್ ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಕಂಪನಿ ಸರ್ವಿಸ್‌ಗೇ ಒಯ್ದು ಹೈಬ್ರಿಡ್ ಬ್ಯಾಟರಿ ಚೆಕ್ ಮಾಡಿಸಿದೆವು, ಸರಿ ಇದೆ ಅಂತ ಕಾಗದ ಕೊಟ್ಟರು. ಫ್ಯಾನ್ ಕಿಂಡಿ ಬಿಚ್ಚಿದಾಗ ಸ್ವಲ್ಪ ನಾಯಿ ಕೂದಲು ಬಂತು. ಅಲ್ಲೇ ಸ್ವಚ್ಛ ಮಾಡಿಸಿದೆ. ಹಿಂದಿನ ಎರಡು ಟೈರು ಬದಲಿಸಬೇಕು, ಅದಕ್ಕೆ ಬೆಲೆಯಲ್ಲಿ ಬಿಟ್ಟರು. ಬಜೆಟ್‌ನಲ್ಲಿ ನಾಲ್ಕು ಲಕ್ಷ ಉಳಿದಿದೆ. ಮೇಸ್ತ್ರಿಗಳು ಹೇಳಿದ ಹಾಗೆ ಬೇರೆ ಖಾತೆಗೆ ಹಾಕಿದ್ದೇನೆ, ಮುಟ್ಟುವುದಿಲ್ಲ.

ತೋಟದ ಆ ಮೂರು ಕಿ.ಮೀ.ಗೆ ಇದನ್ನು ಇಳಿಸುವುದಿಲ್ಲ. ಇನೋವಾ ಕೊಡುವುದು ಬೇಡ, ತೋಟಕ್ಕೆ ಅದೇ ಇರಲಿ ಅಂತ ಯಜಮಾನರು ಒಪ್ಪಿದರು.

ಡಾಕ್ಟರ ಮನೆ ಮುಂದೆ ಅತ್ತೆಯವರನ್ನು ಕೂರಿಸಿ ನೋಡಿದೆವು. ಮೊದಲು ಸೀಟಿನ ಮೇಲೆ ಕೂತರು. ಆಮೇಲೆ ಒಂದೊಂದೇ ಕಾಲು ಎತ್ತಿ ಒಳಗಿಟ್ಟರು. ನನ್ನ ಭುಜ ಹಿಡಿಯಲಿಲ್ಲ. ಬಾಗಿಲು ತಾವೇ ಎಳೆದುಕೊಂಡು, "ಹೊರಡೋಣವಾ?" ಅಂದರು.

ಸೋಮವಾರ ಆರ್‌ಟಿಒಗೆ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29 ಮತ್ತು 30 ಕೊಡುತ್ತೇವೆ. ಮೈಸೂರಿನವರೇ, ನಿಮ್ಮ ಕಾರಿಗೆ ಹಾಕಿದ ಟೈರು ಯಾವುದು, ಮಳೆಯಲ್ಲಿ ಹಿಡಿತ ಹೇಗಿದೆ ಅಂತ ತಿಳಿಸಿ. ಆಗುಂಬೆ ಕಡೆ ಮಳೆ ಶುರುವಾಗುವ ಮೊದಲು ಹಾಕಿಸಬೇಕು.